ಊಟ ಬಲ್ಲವರು ಯಾರು?

ಹೊನ್ನಾಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನಗೆ ಪರಿಚಯದ ಒಂದು ಕಥೋಲಿಕ ಕುಟುಂಬವಿದೆ. ತುಂಗಭದ್ರೆಯ ನೀರು ಹರಿಯುವ ಸ್ವಲ್ಪ ಗದ್ದೆ, ಅದರ ಮಗ್ಗುಲಲ್ಲೇ ಒಂದು ಎಕರೆ ಅಡಿಕೆ ತೋಟ. 2022ರ ಆರಂಭದಲ್ಲಿ ಒಂದು ಸಂಜೆ ಆ ಮನೆಗೆ ಹೋಗಿದ್ದೆ. ಜಪಸರದ ಪ್ರಾರ್ಥನೆ, ಊಟ ಎರಡೂ ಮುಗಿದು ಮನೆಯ ಯಜಮಾನರು ಗೋಡೆಗೊರಗಿ ಕುಳಿತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಅಡಿಕೆಯ ಜೊತೆಗೆ ಒಂದು ಚಿಟಿಕೆ ಹೊಗೆಸೊಪ್ಪು ಅವರ ಇಪ್ಪತ್ತು ವರ್ಷಗಳ ರೂಢಿ. ಬಿ.ಕಾಂ. ಮೊದಲನೆಯ ಸೆಮಿಸ್ಟರಿನಲ್ಲಿ ಓದುತ್ತಿದ್ದ ಮಗಳು ಅಲ್ಲೇ ನೋಟ್ಸ್ ಹರಡಿಕೊಂಡು ಬಾಯಿಪಾಠ ಮಾಡುತ್ತಿದ್ದಳು. ವಿಷಯದ ಹೆಸರು 'ಹೆಲ್ತ್ ಅಂಡ್ ವೆಲ್‌ನೆಸ್', ಅಂದರೆ ಆರೋಗ್ಯ ಮತ್ತು ಕ್ಷೇಮ.

ಓದುತ್ತ ಓದುತ್ತ ಅವಳು ಒಂದು ಕಡೆ ನಿಂತಳು. ತಂದೆಯ ಕಡೆ ತಿರುಗಿ, "ಅಪ್ಪಾ, ಸ್ವಲ್ಪ ಬಾಯಿ ತೆಗಿ, ನೋಡೋಣ" ಎಂದಳು. ಹೊಗೆಸೊಪ್ಪು ಜಗಿಯುವವರ ಬಾಯಿಯಲ್ಲಿ ಕಾಣಿಸಿಕೊಳ್ಳುವ ಬಿಳಿಯ ಮಚ್ಚೆಯ ವಿಚಾರ ಆ ಪುಟದಲ್ಲಿತ್ತು. ತಂದೆ ನಕ್ಕುಬಿಟ್ಟರು. "ಪರೀಕ್ಷೆಗೆ ಏನು ಬರೀಬೇಕೋ ಅದನ್ನ ಬರಿಯವ್ವಾ. ಮನೆ ಮಾತು ಬೇರೆ" ಎಂದರು. ಸ್ವಲ್ಪ ತಡೆದು, "ನಿನ್ನ ಕಾಲೇಜಿನ ಫೀಸು ಬಂದಿದ್ದೂ ಈ ಅಡಿಕೆಯಿಂದಲೇ, ಮರೀಬೇಡ" ಎಂದೂ ಸೇರಿಸಿದರು. ಮಗಳು ಸುಮ್ಮನಾಗಿ ಮತ್ತೆ ಬಾಯಿಪಾಠಕ್ಕೆ ತೊಡಗಿದಳು. ಅಡುಗೆಮನೆಯಲ್ಲಿ ತಾಯಿ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ತಟ್ಟೆಗೆ ಹಾಕಿಕೊಳ್ಳುತ್ತಿದ್ದರು.

ಪರೀಕ್ಷೆಯ ಮಾತು ಬೇರೆ, ಮನೆಯ ಮಾತು ಬೇರೆ! ಆ ಒಂದು ಮಾತು ಅಂದಿನಿಂದ ನನ್ನನ್ನು ಕಾಡುತ್ತಲೇ ಇದೆ. ಕಾಲೇಜಿನಲ್ಲಿ ಕಲಿತ ಆರೋಗ್ಯ ಮನೆಯ ಹೊಸ್ತಿಲಲ್ಲಿ ಚಪ್ಪಲಿಯಂತೆ ಕಳಚಿಡುವ ವಸ್ತುವೇ? ತಿಳಿದ ಮೇಲೂ ಹಾಗೆಯೇ ನಡೆಯುವುದು ತಪ್ಪಾದರೆ, ಆ ತಪ್ಪು ಯಾರದು? ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ನಿಮ್ಮೊಡನೆ ಸ್ವಲ್ಪ ವಿಚಾರ ಮಾಡಬೇಕೆಂದು ನನ್ನ ಆಸೆ.

ಒಂದು ಕ್ರೆಡಿಟ್ಟಿನ ಪಾಠ

ಮೊದಲು ಆ ಪಾಠ ಎಲ್ಲಿಂದ ಬಂತೆಂದು ನೋಡೋಣ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕವು 2021-22ರಲ್ಲಿ ಪದವಿ ಕಾಲೇಜುಗಳಿಗೆ ತಂದಾಗ, ಭಾಷೆ ಮತ್ತು ಮುಖ್ಯ ವಿಷಯಗಳ ಜೊತೆಗೆ ಮೌಲ್ಯಾಧಾರಿತವೆಂಬ ಕೆಲವು ಸಣ್ಣ ಪತ್ರಿಕೆಗಳನ್ನೂ ಸೇರಿಸಲಾಯಿತು. ಯೋಗ ಒಂದು, ಆರೋಗ್ಯ ಮತ್ತು ಕ್ಷೇಮ ಮತ್ತೊಂದು. ಒಂದೇ ಕ್ರೆಡಿಟ್ಟಿನ ಪತ್ರಿಕೆ. ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯ ಕಾಲೇಜುಗಳು 2009ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಹೀಗೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದ ಮಕ್ಕಳ ಕೈಗೂ ಈ ಪಾಠ ಬಂತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆ ನಾಲ್ಕು ವರ್ಷದ ಪದ್ಧತಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಅಷ್ಟರಲ್ಲಿ ಮೂರು ವರ್ಷಗಳ ವಿದ್ಯಾರ್ಥಿಗಳು ಆ ಪದ್ಧತಿಯಡಿ ಸೇರಿಯಾಗಿತ್ತು. ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗವೂ 2022ರ ಡಿಸೆಂಬರಿನಲ್ಲಿ ಹೊರಡಿಸಿದ ತನ್ನ ಪದವಿ ಚೌಕಟ್ಟಿನಲ್ಲಿ ಇಂಥ ಪಾಠಕ್ಕೆ ಸ್ಥಾನ ಕೊಟ್ಟಿದೆ.

ಇದು ಹೊಸ ಕಲ್ಪನೆಯೇನೂ ಅಲ್ಲ. ಅಮೆರಿಕದ ಆಮ್ಹರ್ಸ್ಟ್ ಕಾಲೇಜಿನಲ್ಲಿ 1861ರಲ್ಲಿಯೇ ಎಡ್ವರ್ಡ್ ಹಿಚ್‌ಕಾಕ್ ಎಂಬ ವೈದ್ಯರನ್ನು ಆರೋಗ್ಯಶಾಸ್ತ್ರ ಮತ್ತು ದೈಹಿಕ ಶಿಕ್ಷಣದ ಪ್ರಾಧ್ಯಾಪಕರನ್ನಾಗಿ ನೇಮಿಸಿದ್ದರು. ಅಂದಿನಿಂದ ಇಂದಿನವರೆಗೆ ಇಂಥ ತರಗತಿಗಳು ಹಲವು ದೇಶಗಳಲ್ಲಿ ನಡೆದಿವೆ. ಸಮತೋಲನ ಆಹಾರ, ವ್ಯಾಯಾಮ, ನಿದ್ರೆ, ಮನಸ್ಸಿನ ಒತ್ತಡ, ಮದ್ಯ ಮತ್ತು ತಂಬಾಕು ಇವುಗಳಲ್ಲಿ ಸಾಮಾನ್ಯವಾಗಿ ಬರುವ ವಿಷಯಗಳು. ಇವುಗಳ ಫಲವನ್ನು ಅಳೆದು ನೋಡಿದವರು ಮತ್ತೆ ಮತ್ತೆ ಕಂಡುಕೊಂಡದ್ದು ಇದು: ವಿದ್ಯಾರ್ಥಿಯ ತಿಳಿವಳಿಕೆ ಹೆಚ್ಚುತ್ತದೆ, ನಡವಳಿಕೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಪರೀಕ್ಷೆ ಮುಗಿದು ದಿನ ಕಳೆದಂತೆ ತಿಳಿದದ್ದರಲ್ಲೂ ಒಂದಿಷ್ಟು ಸೋರಿಹೋಗುತ್ತದೆ.

ಇದಕ್ಕೆ ಸಂಶೋಧನೆಯೇ ಬೇಕಿಲ್ಲ. ಸಿಗರೇಟು ಮತ್ತು ತಂಬಾಕಿನ ಪೊಟ್ಟಣಗಳ ಮೇಲೆ ನಮ್ಮ ದೇಶದಲ್ಲಿ 2009ರಿಂದ ಎಚ್ಚರಿಕೆಯ ಚಿತ್ರವಿದೆ; 2016ರಿಂದ ಅದು ಪೊಟ್ಟಣದ ಶೇ. 85ರಷ್ಟು ಜಾಗವನ್ನು ಆವರಿಸಿದೆ. ಅಕ್ಷರ ಬಾರದವನಿಗೂ ಅರ್ಥವಾಗುವ ಪಾಠವದು. ಆದರೂ ಆ ಚಿತ್ರವನ್ನು ನೋಡಿಕೊಂಡೇ ಅಂಗಡಿಯವನು ಮಾರುತ್ತಾನೆ, ನೋಡಿಕೊಂಡೇ ಗಿರಾಕಿ ಹರಿದು ಬಾಯಿಗೆ ಹಾಕುತ್ತಾನೆ. 'ಪುರಾಣ ಹೇಳೋದು, ಬದನೆಕಾಯಿ ತಿನ್ನೋದು' ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ತಿಳಿವು ಎಲ್ಲಿ ನಿಲ್ಲುತ್ತದೆ?

ಗ್ರೀಸಿನ ಹಳೆಯ ತತ್ತ್ವಜ್ಞಾನಿಗಳನ್ನು ಈ ಪ್ರಶ್ನೆ ಕಾಡಿತ್ತು. ಒಳಿತು ಯಾವುದೆಂದು ನಿಜವಾಗಿ ಅರಿತವನು ಕೆಡುಕನ್ನು ಮಾಡಲಾರ ಎಂಬುದು ಸಾಕ್ರಟೀಸನ ನಿಲುವು. ಅರಿಸ್ಟಾಟಲ್ ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ವೈದ್ಯರ ಮಾತನ್ನು ಗಮನವಿಟ್ಟು ಕೇಳಿ, ಅವರು ಹೇಳಿದ್ದರಲ್ಲಿ ಒಂದನ್ನೂ ಮಾಡದೆ ಮನೆಯಲ್ಲಿ ಕುಳಿತ ರೋಗಿಯ ಉದಾಹರಣೆಯನ್ನು ಆತ ಕೊಡುತ್ತಾನೆ. ಅಂಥವನ ದೇಹ ಹೇಗೆ ಗುಣವಾಗದೋ, ಒಳಿತಿನ ಬಗ್ಗೆ ಬರೀ ಚರ್ಚೆ ಮಾಡುವವನ ಆತ್ಮವೂ ಹಾಗೆಯೇ ಎಂಬುದು ಅವನ ಅಭಿಪ್ರಾಯ. ಎರಡು ಸಾವಿರದ ಮುನ್ನೂರು ವರ್ಷಗಳ ನಂತರವೂ ಈ ರೋಗಿಯನ್ನು ನಾವು ನಮ್ಮ ಮನೆಯ ಕನ್ನಡಿಯಲ್ಲೇ ಕಾಣಬಹುದು.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಈ ವಿಚಾರವನ್ನು ಇನ್ನೂ ಬಿಡಿಸಿ ಹೇಳಿದರು. ವಿವೇಕವೆಂಬ ಸದ್ಗುಣಕ್ಕೆ ಮೂರು ಹೆಜ್ಜೆಗಳಿವೆ ಎಂದರು ಅವರು. ಮೊದಲನೆಯದು ಆಲೋಚಿಸುವುದು. ಎರಡನೆಯದು ಇದು ಸರಿ, ಇದು ತಪ್ಪು ಎಂದು ತೀರ್ಮಾನಿಸುವುದು. ಮೂರನೆಯದು ಆ ತೀರ್ಮಾನವನ್ನು ಕಾರ್ಯಕ್ಕಿಳಿಸುವಂತೆ ತನಗೆ ತಾನೇ ಆಜ್ಞೆ ಮಾಡಿಕೊಳ್ಳುವುದು. ಈ ಮೂರರಲ್ಲಿ ಮೂರನೆಯದೇ ಮುಖ್ಯವೆಂದು ಅವರ ಬೋಧನೆ. ವಿಶ್ವವಿದ್ಯಾನಿಲಯದ ಪಾಠ ನಮ್ಮ ಮಕ್ಕಳನ್ನು ಎರಡನೆಯ ಹೆಜ್ಜೆಯವರೆಗೆ ಕರೆದುಕೊಂಡು ಹೋಗಿ ಅಂಕಪಟ್ಟಿ ಕೊಟ್ಟು ಕಳುಹಿಸುತ್ತದೆ. ಮೂರನೆಯ ಹೆಜ್ಜೆಗೆ ಅಂಕ ಕೊಡುವವರು ಯಾರೂ ಇಲ್ಲ.

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯಲ್ಲಿ ಈ ಸೂಕ್ಷ್ಮವೆಲ್ಲ ಅಡಗಿದೆ. ಈಜು ಬಲ್ಲವನು ಎಂದರೆ ಈಜಿನ ವಿಚಾರ ಓದಿದವನಲ್ಲ, ತುಂಬಿದ ಹೊಳೆಗೆ ಬಿದ್ದರೂ ದಡ ಸೇರುವವನು. ಊಟ ಬಲ್ಲವನೂ ಹಾಗೆಯೇ. ಎಷ್ಟು ಸಾಕು ಎಂದು ಅವನ ಕೈಗೆ ಗೊತ್ತಿರುತ್ತದೆ. ಕನ್ನಡದಲ್ಲಿ 'ಬಲ್ಲ' ಎಂಬ ಮಾತಿನೊಳಗೆ ಅರಿವೂ ಇದೆ, ಶಕ್ತಿಯೂ ಇದೆ.

ತಿಳಿಯದೇ ಇದ್ದಿದ್ದರೆ ಒಳ್ಳೆಯದಿತ್ತೇ?

ಇಲ್ಲಿ ಕ್ರೈಸ್ತರಾದ ನಮಗೆ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ಒಳಿತು ಯಾವುದೆಂದು ತಿಳಿದೂ ಅದನ್ನು ಮಾಡದವನು ಪಾಪಕ್ಕೆ ಗುರಿಯಾಗುತ್ತಾನೆಂದು ಸಂತ ಯಾಕೋಬರ ಪತ್ರ ಎಚ್ಚರಿಸುತ್ತದೆ. ಹೆಚ್ಚು ಪಡೆದವನಿಂದ ಹೆಚ್ಚು ಲೆಕ್ಕ ಕೇಳಲಾಗುವುದು ಎಂಬುದು ಸಂತ ಲೂಕರ ಶುಭಸಂದೇಶದಲ್ಲಿ ಯೇಸುಸ್ವಾಮಿಯ ಬೋಧನೆ. ಹಾಗಾದರೆ ಕಾಲೇಜು ನಮ್ಮ ಮಕ್ಕಳಿಗೆ ಆರೋಗ್ಯದ ಜ್ಞಾನ ಕೊಟ್ಟು ಅವರ ತಲೆಯ ಮೇಲೆ ಹೊರೆಯನ್ನೇ ಹೇರಿತೇ? ತಿಳಿಯದಿದ್ದರೆ ತಪ್ಪೂ ಇರುತ್ತಿರಲಿಲ್ಲ ಅಲ್ಲವೇ?

ಹೀಗೆ ವಾದಿಸುವವರನ್ನು ನಾನು ಕಂಡಿದ್ದೇನೆ. "ಡಾಕ್ಟರ ಹತ್ತಿರ ಹೋದರೆ ತಾನೇ ಸಕ್ಕರೆ ಕಾಯಿಲೆ? ಹೋಗದಿದ್ದರೆ ಏನೂ ಇಲ್ಲ" ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಆದರೆ ಧರ್ಮಸಭೆ ಈ ಮಾತನ್ನು ಒಪ್ಪುವುದಿಲ್ಲ. ತಿಳಿಯುವ ದಾರಿಯೇ ಇಲ್ಲದವನ ಅಜ್ಞಾನ ಒಂದು ಬಗೆ. ತಿಳಿಯಬಹುದಾಗಿದ್ದರೂ ತಿಳಿಯಲು ಮನಸ್ಸು ಮಾಡದವನ ಅಜ್ಞಾನ ಇನ್ನೊಂದು ಬಗೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮನಸ್ಸಾಕ್ಷಿಯ ಬಗ್ಗೆ ಬೋಧಿಸುವಾಗ ಈ ಭೇದವನ್ನು ಸ್ಪಷ್ಟವಾಗಿ ತೋರಿಸಿದೆ. ಎರಡನೆಯ ಬಗೆಯ ಅಜ್ಞಾನ ನಮ್ಮನ್ನು ಕಾಪಾಡುವುದಿಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥವು ಜೀವವನ್ನೂ ದೇಹದ ಆರೋಗ್ಯವನ್ನೂ ದೇವರು ನಮಗೆ ಒಪ್ಪಿಸಿದ ಅಮೂಲ್ಯ ವರಗಳೆಂದು ಕರೆಯುತ್ತದೆ. ಪರರ ಅಗತ್ಯವನ್ನೂ ಸಮುದಾಯದ ಹಿತವನ್ನೂ ನೆನಪಿನಲ್ಲಿಟ್ಟು ಅವುಗಳನ್ನು ನೋಡಿಕೊಳ್ಳಬೇಕೆನ್ನುತ್ತದೆ. ಊಟ, ಮದ್ಯ, ತಂಬಾಕು, ಔಷಧ ಯಾವುದರಲ್ಲೂ ಅತಿ ಸಲ್ಲದೆಂದು ಹೆಸರಿಟ್ಟು ಹೇಳುತ್ತದೆ. ಒಬ್ಬರು ನಮ್ಮಲ್ಲಿ ಒಪ್ಪಿಸಿದ ಒಡವೆ ಇದ್ದರೆ, ಅದು ಎಲ್ಲಿದೆ, ಹೇಗಿದೆ ಎಂದು ನೋಡುವುದೇ ಇಲ್ಲವೆಂದು ಹೇಳಿ ಪಾರಾಗಲು ಬರುತ್ತದೆಯೇ?

ಆದುದರಿಂದ ಪಾಠ ಬೇಕು. ತಿಳಿವಿನಿಂದ ಜೀವ ಉಳಿಯುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ದೊಡ್ಡ ಸಾಕ್ಷಿಯಿದೆ. 1971ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನು ಸಾಲದೆ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸು, ಅಡುಗೆ ಸೋಡಾ ಬೆರೆಸಿದ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಲು ರೋಗಿಗಳ ಮನೆಯವರಿಗೇ ಕಲಿಸಿದರು. ನೂರರಲ್ಲಿ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಈ ಉಪಾಯ ಆಮೇಲೆ ಲೋಕಕ್ಕೆಲ್ಲ ಹರಡಿತು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿದರೆ ವಾಂತಿಭೇದಿಯಾದ ಮಗುವಿಗೆ ಮನೆಯಲ್ಲಿಯೇ ಮೊದಲ ಆರೈಕೆ ಸಿದ್ಧ. ಎಷ್ಟು ಚಿಕ್ಕ ಜ್ಞಾನ! ಎಷ್ಟು ಜೀವಗಳು!

ಈ ಜ್ಞಾನ ಫಲಿಸಿತು, ಪೊಟ್ಟಣದ ಮೇಲಿನ ಚಿತ್ರ ಅಷ್ಟಾಗಿ ಫಲಿಸಲಿಲ್ಲ. ಏಕೆ? ನನಗೆ ತೋಚುವ ಕಾರಣ ಇದು. ಬನಗಾಂವಿನಲ್ಲಿ ತಾಯಿಗೆ ತಿಳಿವಿನ ಜೊತೆಗೆ ಪುಡಿಯೂ ಸಿಕ್ಕಿತು, ಪಕ್ಕದಲ್ಲಿ ನೆರವಿನವರೂ ಇದ್ದರು, ಮಗು ಅವಳ ಮಡಿಲಲ್ಲೇ ಇತ್ತು. ಪೊಟ್ಟಣದ ಚಿತ್ರವಾದರೋ ಒಬ್ಬೊಂಟಿ ಮನುಷ್ಯನಿಗೆ, ಅವನ ಚಟದ ಎದುರಿನಲ್ಲಿ, ನೀನೇ ನೋಡಿಕೋ ಎಂದು ಹೇಳಿ ಸುಮ್ಮನಾಗುತ್ತದೆ.

ಹೊಣೆ ಒಬ್ಬರದಲ್ಲ

ಈಗ ನಮ್ಮ ಹೊನ್ನಾಳಿಯ ಹುಡುಗಿಯ ಕಡೆ ಬರೋಣ. ಅವಳ ನೋಟ್ಸಿನಲ್ಲಿ ರಕ್ತಹೀನತೆಯ ವಿಚಾರವೂ ಇತ್ತು. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ನುಗ್ಗೆಸೊಪ್ಪು, ಹುರುಳಿ, ಕಡಲೆ, ಮೊಟ್ಟೆ, ಮಾಂಸ ತಿನ್ನಬೇಕು. ಊಟದ ಜೊತೆ ನಿಂಬೆರಸವಿದ್ದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಹಿಂದೆಯೇ ಚಹಾ ಕುಡಿದರೆ ಅದು ನಷ್ಟವಾಗುತ್ತದೆ. ಇದನ್ನೆಲ್ಲ ಅವಳು ಬರೆದು ಅಂಕ ಪಡೆಯಬಲ್ಲಳು. ಆದರೆ ಸಂತೆಯ ಚೀಲ ಅವಳ ಕೈಯಲ್ಲಿಲ್ಲ. ಪಲ್ಯ ಮೊದಲು ಯಾರ ತಟ್ಟೆಗೆ ಬೀಳಬೇಕೆಂಬ ತೀರ್ಮಾನವೂ ಅವಳದಲ್ಲ. ಕೊನೆಯಲ್ಲಿ ಉಣ್ಣುವ ತಾಯಿಗೆ ಸಾರಿನ ತಿಳಿ ಮಾತ್ರ ಉಳಿದಿರುತ್ತದೆ. ಆ ತಾಯಿಗೆ ತಲೆಸುತ್ತು ಬಂದರೆ, 'ತಿಳಿದೂ ಮಾಡದವರು' ಎಂದು ನಾವು ಯಾರ ಕಡೆ ಬೆರಳು ತೋರಿಸಬೇಕು?

ತಿಳಿವಿಗೆ ಹೊಣೆ ಅಂಟಿಕೊಂಡಿದೆ, ನಿಜ. ಆದರೆ ಆ ಹೊಣೆಯನ್ನು ತಿಳಿದ ಮಗುವಿನ ಹೆಗಲ ಮೇಲೆ ಮಾತ್ರ ಹೊರಿಸಿ ಮನೆಯವರು ಪಾರಾಗುವಂತಿಲ್ಲ. ಮಗಳು ಪುಸ್ತಕ ತೆರೆದು ಮಾತನಾಡಿದ ಆ ಸಂಜೆಯೇ ತಿಳಿವು ಇಡೀ ಮನೆಗೆ ಬಂದಾಯಿತು. ಕೇಳಿದ ತಂದೆ, ಕೇಳಿದ ತಾಯಿ, ಕೇಳಿದ ಅತಿಥಿಯಾದ ನಾನು, ಎಲ್ಲರೂ ಅದಕ್ಕೆ ಪಾಲುಗಾರರು. ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ನಮ್ಮ ದೇಹ ಪವಿತ್ರಾತ್ಮರ ಆಲಯವೆಂದರು. ಅದೇ ಪತ್ರದಲ್ಲಿ, ಒಂದು ಅಂಗ ನೊಂದರೆ ಎಲ್ಲ ಅಂಗಗಳೂ ನೋಯುತ್ತವೆ ಎಂದೂ ಬೋಧಿಸಿದರು. ಮೊದಲನೆಯದನ್ನು ನಾವು ಯುವಜನರಿಗೆ ಆಗಾಗ ನೆನಪಿಸುತ್ತೇವೆ. ಎರಡನೆಯದನ್ನು ಊಟಕ್ಕೆ ಕುಳಿತಾಗ ಮರೆಯುತ್ತೇವೆ.

ಅಡಿಕೆಯ ಮಾತು

ಇನ್ನು ಆ ತಂದೆಯ ಮಾತು. ಅದನ್ನು ಹಗುರವಾಗಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯಲ್ಲಿ ಎಷ್ಟೋ ಮನೆಗಳ ಹೆಂಚು, ಎಷ್ಟೋ ಹೆಣ್ಣುಮಕ್ಕಳ ಮದುವೆ, ಎಷ್ಟೋ ಮಕ್ಕಳ ಓದು ಅಡಿಕೆಯಿಂದ ಆದದ್ದು. ಮಂಗಳಕಾರ್ಯದಲ್ಲಿ ತಾಂಬೂಲ ಗೌರವದ ಸಂಕೇತ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರದಿದ್ದರೂ ಜಗಿಯುವ ಅಡಿಕೆ ಕ್ಯಾನ್ಸರಿಗೆ ಕಾರಣವೆಂದು ತೀರ್ಮಾನಿಸಿತು. ಅದೇ ಸಂಸ್ಥೆಯ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಲೋಕದಲ್ಲಿ ಬಾಯಿ ಕ್ಯಾನ್ಸರಿಗೆ ತುತ್ತಾಗುವ ಮೂವರಲ್ಲಿ ಸುಮಾರು ಒಬ್ಬರಿಗೆ ಜಗಿಯುವ ತಂಬಾಕು ಮತ್ತು ಅಡಿಕೆಯೇ ಮೂಲ. ಅಂಥವರಲ್ಲಿ ಹೆಚ್ಚಿನವರು ನಮ್ಮ ಭಾರತದವರು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಪಾನ್ ಮಸಾಲ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಮಾರಾಟವಾಗತೊಡಗಿದ್ದು ಎಲ್ಲರಿಗೂ ಗೊತ್ತು.

ಹಾಗಾದರೆ ಅಡಿಕೆ ಬೆಳೆದ ರೈತ ಪಾಪಿಯೇ? ಅವಸರದ ತೀರ್ಪು ಬೇಡ. ಹದಿನೆಂಟನೆಯ ಶತಮಾನದ ಸಂತ ಅಲ್ಫೋನ್ಸಸ್ ಲಿಗೋರಿಯವರು ಕೆಡುಕಿನಲ್ಲಿ ಮನಸ್ಸಿಟ್ಟು ಪಾಲುಗೊಳ್ಳುವುದಕ್ಕೂ, ಕೆಡುಕನ್ನು ಬಯಸದೆ ಹೊರಗಿನ ಕೆಲಸದಿಂದ ಅದಕ್ಕೆ ನೆರವಾಗುವಂತಾಗುವುದಕ್ಕೂ ವ್ಯತ್ಯಾಸ ತೋರಿಸಿದ್ದಾರೆ. ಎರಡನೆಯದರಲ್ಲಿ ಕಾರಣ ಎಷ್ಟು ಬಲವಾದದ್ದು, ಕೆಡುಕಿಗೆ ಎಷ್ಟು ಹತ್ತಿರ, ಬೇರೆ ದಾರಿ ಇದೆಯೇ ಎಂದು ತೂಗಬೇಕಾಗುತ್ತದೆ. ಹೊಟ್ಟೆಪಾಡಿಗೆ ಒಂದು ಎಕರೆ ತೋಟ ಮಾಡಿದವನನ್ನೂ, ಶಾಲೆಯಿಂದ ನೂರು ಗಜದೊಳಗೆ ಮಾರಬಾರದೆಂಬ ಕಾನೂನನ್ನು ಮೀರಿ ಮಕ್ಕಳಿಗೆ ತಂಬಾಕಿನ ಚೀಟಿ ಮಾರುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ಒಂದು ಮಾತು ನಿಶ್ಚಯ. ಬದುಕಿಗೆ ಅಡಿಕೆ ಬೇಕೆಂಬ ಕಾರಣಕ್ಕೆ ಅಡಿಕೆಯ ವಿಷಯದಲ್ಲಿ ಮಕ್ಕಳ ಬಾಯಿ ಮುಚ್ಚಿಸಬಾರದು. ಬೆಳೆಯುವ ಅನಿವಾರ್ಯತೆ ಇರಬಹುದು, ಜಗಿಯುವ ಅನಿವಾರ್ಯತೆ ಇಲ್ಲ. ತೋಟದ ಸಾಲಿನಲ್ಲಿ ಮೆಣಸಿನ ಬಳ್ಳಿ, ಬಾಳೆ ಏರುತ್ತಿರುವುದೂ ಒಂದು ಸಣ್ಣ ದಾರಿಯೇ.

ಬಾಯಿಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಅಳಿಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಅಗಲಿಸಲು ಕಷ್ಟವಾಗುವುದು, ಖಾರ ತಾಗಿದರೆ ಉರಿ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಬೇಗ ಕಂಡರೆ ಗುಣವಾಗುವ ಸಾಧ್ಯತೆ ಹೆಚ್ಚು. ಇಷ್ಟನ್ನು ಪ್ರತಿ ಮನೆಯಲ್ಲೂ ಬಾಯಿಪಾಠ ಮಾಡಿಸಿದರೆ ತಪ್ಪಿಲ್ಲ.

ಆರೋಗ್ಯವೇ ದೇವರಲ್ಲ

ಇನ್ನೊಂದು ಕಡೆಯ ಅಪಾಯವನ್ನೂ ಹೇಳದಿದ್ದರೆ ಮಾತು ಪೂರ್ಣವಾಗದು. ಆರೋಗ್ಯದ ಪಾಠ ಕಲಿತವರಿಗೆ ಕೆಲವೊಮ್ಮೆ ರೋಗಿಯನ್ನು ಕಂಡರೆ ಕರುಣೆ ಕಡಿಮೆಯಾಗುತ್ತದೆ. "ಕುಡಿದ, ಅನುಭವಿಸುತ್ತಾನೆ", "ತಿಂದಳು, ಸಕ್ಕರೆ ಬಂತು" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಹುಟ್ಟು ಕುರುಡನನ್ನು ಕಂಡು, ಪಾಪ ಮಾಡಿದವರು ಇವನೋ ಇವನ ತಂದೆತಾಯಿಯೋ ಎಂದು ಕೇಳಿದ ಶಿಷ್ಯರಿಗೆ ಯೇಸುಸ್ವಾಮಿ ಆ ದಾರಿಯನ್ನೇ ಮುಚ್ಚಿದರು. ಅವನ ಕಣ್ಣಿಗೆ ಕೈ ಹಚ್ಚಿದರು. ಧರ್ಮೋಪದೇಶ ಗ್ರಂಥವೂ ದೇಹವನ್ನೇ ಪೂಜಿಸುವ, ದೇಹದ ಚಂದಕ್ಕೆ ಎಲ್ಲವನ್ನೂ ಬಲಿಕೊಡುವ ಮನೋಭಾವವನ್ನು ತಿರಸ್ಕರಿಸುತ್ತದೆ. ಸಂತ ದ್ವಿತೀಯ ಜಾನ್ ಪೌಲರು 1992ರಲ್ಲಿ ರೋಗಿಗಳ ವಿಶ್ವದಿನವನ್ನು ಸ್ಥಾಪಿಸಿದರು. 1993ರಿಂದ ಪ್ರತಿವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಅದು ಆಚರಣೆಯಾಗುತ್ತಿದೆ. ಹಾಸಿಗೆ ಹಿಡಿದವರೂ ಕ್ರಿಸ್ತರ ದೇಹದ ಪೂರ್ಣ ಅಂಗಗಳೇ ಎಂದು ನೆನಪಿಸುವ ದಿನವದು. ನಮ್ಮ ನಾಡಿನಲ್ಲಿಯೇ, 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧ ಕೊಡಲು ಆರಂಭಿಸಿದ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಅವರು ಕುಷ್ಠರೋಗಿಗಳಿಗೂ ಆಸರೆ ಕೊಟ್ಟರು. ನಮ್ಮ ಪರಂಪರೆಯಲ್ಲಿ ಆರೋಗ್ಯದ ತಿಳಿವು ಹುಟ್ಟಿದ್ದು ರೋಗಿಯ ಮಗ್ಗುಲಲ್ಲಿ.

ಆ ಮನೆಯಲ್ಲಿ ಮುಂದೇನಾಯಿತು?

ಅದೇ ವರ್ಷದ ತಪಸ್ಸುಕಾಲಕ್ಕೆ ಮುನ್ನ ಮಗಳು ಮತ್ತೆ ಆ ಮಾತೆತ್ತಿದಳಂತೆ. ತಂದೆ ಸಿಟ್ಟಿನಿಂದ, "ರಾತ್ರಿ ಹನ್ನೆರಡರ ತನಕ ಮೊಬೈಲ್ ನೋಡ್ತೀಯಲ್ಲ, ನಿದ್ದೆ ವಿಚಾರ ನಿನ್ನ ಪುಸ್ತಕದಾಗೆ ಇಲ್ಲೇನು?" ಎಂದರಂತೆ. ಹುಡುಗಿಗೆ ಮಾತು ಹೊರಡಲಿಲ್ಲ. ನಿದ್ರೆಯ ಪಾಠವೂ ಅವಳ ನೋಟ್ಸಿನಲ್ಲಿತ್ತು, ಅದಕ್ಕೂ ಅವಳು ಪೂರ್ತಿ ಅಂಕ ಪಡೆಯಬಲ್ಲವಳಾಗಿದ್ದಳು. ತಾನು ಬಯಸುವ ಒಳಿತನ್ನು ತಾನೇ ಮಾಡಲಾಗದಿರುವುದನ್ನು ಕಂಡು ಸಂತ ಪೌಲರು ರೋಮ್ ನಗರದವರಿಗೆ ಬರೆದ ಪತ್ರದಲ್ಲಿ ಮರುಗುತ್ತಾರಲ್ಲವೇ? ಆ ಮರುಕ ಆ ರಾತ್ರಿ ತಂದೆಗೂ ಮಗಳಿಗೂ ಒಂದೇ ಆಯಿತು.

ಅಲ್ಲಿಂದಲೇ ಒಂದು ಒಪ್ಪಂದ ಹುಟ್ಟಿತು. ವಿಭೂತಿ ಬುಧವಾರದಿಂದ ನಲವತ್ತು ದಿನ ತಂದೆಗೆ ಹೊಗೆಸೊಪ್ಪಿಲ್ಲ, ಅಡಿಕೆಯಿಲ್ಲ. ರಾತ್ರಿ ಹತ್ತಕ್ಕೆ ಮಗಳ ಮೊಬೈಲು ದೇವರ ಪಟದ ಕೆಳಗೆ. ತಾಯಿಗೂ ಒಂದು ಕಟ್ಟಳೆ ಹಾಕಿದರು: ಎಲ್ಲರೊಡನೆ ಕುಳಿತೇ ಉಣ್ಣಬೇಕು. ಈ ಕಟ್ಟಳೆಗೆ ಹೆಚ್ಚು ಮುಜುಗರಪಟ್ಟವರು ತಾಯಿಯೇ! ಎರಡನೆಯ ವಾರ ತಂದೆ ಮಗಳ ಜೊತೆ ದಾವಣಗೆರೆಗೆ ಹೋಗಿ ದಂತವೈದ್ಯರಿಗೆ ಬಾಯಿ ತೋರಿಸಿದರು. ಕೆನ್ನೆಯ ಒಳಗೆ ಒಂದು ಬಿಳಿಯ ಮಚ್ಚೆ ಇತ್ತು. ಈಗಲೇ ಬಿಟ್ಟರೆ ಒಳ್ಳೆಯದು, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು ವೈದ್ಯರು.

ಅಲ್ಲಿಗೆ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಆ ವರ್ಷ ಅಡಿಕೆ ಸುಲಿಯುವ ಕಾಲದಲ್ಲಿ ಅವರ ಕೈ ಮತ್ತೆ ಚೀಲಕ್ಕೆ ಹೋಯಿತು. ಪಾಪನಿವೇದನೆಯಲ್ಲಿ ಅದನ್ನು ಹೇಳಿಕೊಳ್ಳಬೇಕೇ ಬೇಡವೇ ಎಂದು ನನ್ನನ್ನು ಕೇಳಿದ್ದರು. ಅದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು, ಗುರುಗಳ ಬಳಿ ಮಾತನಾಡಿ ಎಂದೆ. ಕ್ರಿಸ್ಮಸ್ಸಿನ ಹೊತ್ತಿಗೆ ಮತ್ತೆ ಬಿಟ್ಟರು. ಈಗ ವರ್ಷಗಳೇ ಆದವು, ಬಿಟ್ಟಿದ್ದಾರೆ. ತೋಟ ಇದೆ, ಅಡಿಕೆಯೂ ಇದೆ. ಅದರ ಜೊತೆಗಿನ ಕಸಿವಿಸಿಯೂ ಇದೆ. ತಾಯಿ ಮಾತ್ರ ಅಂದಿನಿಂದ ಎಲ್ಲರೊಡನೆ ಕುಳಿತೇ ಉಣ್ಣುತ್ತಾರೆ.

ಪ್ರಿಯ ತಂದೆತಾಯಂದಿರೇ, ನಿಮ್ಮ ಮನೆಗೂ ಇಂಥದೊಂದು ಪುಸ್ತಕ ಬಂದಿರಬಹುದು. ಆ ಪತ್ರಿಕೆ ಈಗ ಪಠ್ಯದಲ್ಲಿ ಇರಲಿ ಬಿಡಲಿ, 'ಬಾಯಿ ತೆಗಿ, ನೋಡೋಣ' ಎಂದು ಕೇಳುವ ಮಗು ಒಂದು ದಿನ ನಿಮ್ಮೆದುರು ನಿಂತೇ ನಿಲ್ಲುತ್ತದೆ. ಆಗ 'ಪರೀಕ್ಷೆಗೆ ಬರಿ' ಎಂದು ಕಳುಹಿಸಬೇಡಿ. ನಮ್ಮ ಧರ್ಮಕೇಂದ್ರಗಳ ಯುವಜನರೂ ಸ್ತ್ರೀ ಸಂಘದವರೂ ಕೂಡಿ, ಒಂದು ಭಾನುವಾರ ಬಲಿಪೂಜೆಯ ನಂತರ, ಕಾಲೇಜಿನಲ್ಲಿ ಕಲಿತದ್ದನ್ನು ಹಿರಿಯರಿಗೆ ಹೇಳುವ ಏರ್ಪಾಡು ಮಾಡಬಾರದೇಕೆ? ಮಕ್ಕಳೇ, ನೀವೂ ಒಂದು ಮಾತು ನೆನಪಿಡಿ: ತಂದೆಯ ಬಾಯಿಯೊಳಗೆ ನೋಡುವ ಮೊದಲು ನಿಮ್ಮ ಕೈಯಲ್ಲಿರುವ ಮೊಬೈಲನ್ನು ಕೆಳಗಿಡಿ.

ಊಟ ಬಲ್ಲವರು ಯಾರು ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರವಿಷ್ಟೇ. ಒಬ್ಬರೇ ಬಲ್ಲವರಾಗುವುದು ಬಹಳ ಕಷ್ಟ. ಒಟ್ಟಿಗೆ ಕುಳಿತು, ಒಬ್ಬರಿಗೊಬ್ಬರು ನೆನಪಿಸುತ್ತ, ಬಿದ್ದವರನ್ನು ಎಬ್ಬಿಸುತ್ತ ಉಂಡರೆ ಸಾಧ್ಯವಾದೀತು. ತಮ್ಮ ದೇಹವನ್ನೇ ನಮಗೆ ಭೋಜನವಾಗಿ ಕೊಟ್ಟ ಪ್ರಭುವು, ನಾವು ತಿಳಿದದ್ದನ್ನು ಮಾಡುವ ಬಲವನ್ನೂ ಮಾಡಲಾಗದವರನ್ನು ತಾಳಿಕೊಳ್ಳುವ ಕರುಣೆಯನ್ನೂ ನಮ್ಮ ಮನೆಗಳಿಗೆ ದಯಪಾಲಿಸಲಿ.